ನಾನೂರು ಡಾಲರಿನ ಬಿಲ್ಲು ಸಾಕು ಸ್ವಾಮಿ

“ಅಣ್ಣಾ, ಪ್ರಾಣಿ ಮೇಲೆ ಮರ್ಯಾದೆ ಇರೋನು ಅಗ್ಗದ ಬಿಲ್ಲು ಹಿಡೀಬಾರ್ದು. ಹೊಡೆದ್ರೆ ಒಂದೇ ಏಟಿಗೆ ಬೀಳ್ಬೇಕು. ಅದಕ್ಕೆ ಒಳ್ಳೇ ಸಾಮಾನೇ ಬೇಕು.”

ಹೇಳಿದವನು ಹಾಸನದ ಕಡೆಯ ಹುಡುಗ. ನನ್ನ ಹಾಗೇ ಸಾಫ್ಟ್‌ವೇರು, ನನ್ನ ಹಾಗೇ ಪಿಟ್ಸ್‌ಬರ್ಗಿನ ಹೊರಗೆ ಮನೆ, ಹಿತ್ತಲಿಗೆ ಬಂದು ಅವರೆಗಿಡ ಮೇಯ್ದು ಹೋಗುವ ಜಿಂಕೆಗಳು. ಅವನೂ ನಾಲ್ಕೈದು ವರ್ಷ ಬಿಟ್ಟು ಈಗ ಮತ್ತೆ ಬಿಲ್ಲುಬೇಟೆಗೆ ಇಳಿದಿದ್ದಾನೆ. ಕೊಂಡ ಬಿಲ್ಲಿಗೆ 1,300 ಡಾಲರು. ಅದು ಬರೀ ಬಿಲ್ಲಿಗೆ. ಗುರಿ ನೋಡುವ ಸೈಟು, ಬಾಣ ಕೂರುವ ರೆಸ್ಟು, ಬತ್ತಳಿಕೆ, ಒಂದು ಡಜನ್ ಬಾಣ, ಹೆದೆ ಬಿಡುವ ರಿಲೀಸು ಎಲ್ಲ ಸೇರಿ 2,000 ದಾಟಿದೆ. ಯುಗಾದಿ ಊಟದ ಹೊತ್ತಲ್ಲಿ ನನ್ನ ಬಿಲ್ಲಿನ ಬೆಲೆ ಕೇಳಿದ. ಹೇಳಿದೆ. ಆಗ ಬಂದ ಮಾತು ಅದು. ಒಬ್ಬಟ್ಟು ತಟ್ಟೆಯಲ್ಲಿರುವಾಗ ಜಗಳ ಬೇಡ ಅಂತ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸುಮ್ಮನಿರೋದಕ್ಕೆ ಆಗಲಿಲ್ಲ.

ಅವನು ಆಡಿದ್ದು ಅವನ ಮಾತಲ್ಲ. ಅಂಗಡಿಯಲ್ಲಿ ಆಡುತ್ತಾರೆ, ಜಾಹೀರಾತಿನಲ್ಲಿ ಆಡುತ್ತಾರೆ, ವಿಡಿಯೋ ಮಾಡುವವರು ಆಡುತ್ತಾರೆ. ಪ್ರಾಣಿಯ ನೋವನ್ನು ಮುಂದಿಟ್ಟುಕೊಂಡು ಬಿಲ್ಲು ಮಾರುವ ಮಾತು. ಕೇಳಿದವನಿಗೆ ಎದುರಾಡಲು ನಾಚಿಕೆಯಾಗಬೇಕು, ಹಾಗೆ ಕಟ್ಟಿದ್ದಾರೆ ಅದನ್ನ. ದುಡ್ಡಿಲ್ಲ ಅಂದ್ರೆ ದಯೆಯೂ ಇಲ್ಲ ಅನ್ನೋ ಲೆಕ್ಕ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಮುಂದೆ ಹೋಗೋ ಮೊದಲು, ಬೇಟೆ ಅಂದ ಕೂಡಲೇ ಮುಖ ತಿರುಗಿಸುವ ಓದುಗರಿಗೆ ಒಂದು ಮಾತು. ನಮ್ಮೂರಲ್ಲಿ ಇದು ಅಪರಾಧ, 1972ರ ವನ್ಯಜೀವಿ ಕಾಯ್ದೆ ಹಾಗೆ ಹೇಳುತ್ತೆ, ಅಲ್ಲಿಗೆ ಅದು ಸರಿಯಾಗಿಯೇ ಇದೆ. ಮಲೆನಾಡಿನಲ್ಲಿ ಅಜ್ಜಂದಿರು ಮರಸು ಕೂತ ಕಥೆ ಕೇಳಿ ಬೆಳೆದವನು ನಾನು. ಆ ಕಥೆಗಳೆಲ್ಲ ಮುಗಿದಿದ್ದು ಯಾಕೆ ಅಂತಲೂ ಗೊತ್ತು. ಪೆನ್ಸಿಲ್ವೇನಿಯಾದ ಲೆಕ್ಕ ಬೇರೆ. ಇಲ್ಲಿ ಬಿಳಿಬಾಲದ ಜಿಂಕೆ ದಂಡಿಯಾಗಿವೆ, ಅವನ್ನು ತಿನ್ನೋದಕ್ಕೆ ತೋಳ ಉಳಿದಿಲ್ಲ. ಬೇಟೆಗೆ ತರಬೇತಿ ತರಗತಿ ಇದೆ, ಪರವಾನಗಿ ಇದೆ, ಋತು ಇದೆ. ಊರಿನವನಿಗೆ ಸಾಮಾನ್ಯ ಪರವಾನಗಿ ಸುಮಾರು 21 ಡಾಲರು, ಬಿಲ್ಲಿಗೆ ಮೇಲೆ ಇನ್ನೊಂದು 17. ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ನಡುವಿನವರೆಗೆ ಬಿಲ್ಲಿನವರ ಕಾಲ. ಹೊಡೆದಿದ್ದನ್ನು ನಾವು ತಿನ್ನುತ್ತೇವೆ. ಇಷ್ಟು ಸಾಕು, ಬೇಟೆ ಸರಿಯೋ ತಪ್ಪೋ ಅನ್ನೋದು ಇನ್ನೊಂದು ದಿನದ ಜಗಳ. ಇವತ್ತಿನದು ಬಿಲ್ಲಿನ ಜಗಳ.

ನನ್ನ ಹಳೇ ಬಿಲ್ಲಿನ ಕಥೆ ಹೇಳದೆ ಈ ಜಗಳ ಆಡೋ ಹಕ್ಕು ನನಗಿಲ್ಲ.

2011ರಲ್ಲಿ ನನ್ನ ಕೈಲಿದ್ದಿದ್ದು ಆಗಿನ ಕಾಲಕ್ಕೆ ದುಬಾರಿ ಬಿಲ್ಲೇ. 70 ಪೌಂಡಿನದು. ಅಂದರೆ ಹೆದೆ ಎಳೆಯುವಾಗ ಒಂದು ಘಟ್ಟದಲ್ಲಿ 70 ಪೌಂಡ್, ಅಂದಾಜು 32 ಕಿಲೋ ಭಾರ ಕೈಗೆ ಬರುತ್ತೆ. ಕಾಂಪೌಂಡ್ ಬಿಲ್ಲಿನ ಎರಡು ತುದಿಗೂ ಒರೆಯೊರೆಯಾದ ಗಾಲಿ ಇರುತ್ತವೆ, ಕ್ಯಾಮ್ ಅಂತಾರೆ. ಪೂರ್ತಿ ಎಳೆದ ಮೇಲೆ ಅವು ಭಾರವನ್ನೆಲ್ಲ ತಾವು ಹೊತ್ತು ಕೈಗೆ ಕಾಲು ಭಾಗ, ಇನ್ನೂ ಕಡಿಮೆ ಉಳಿಸುತ್ತವೆ. ಆ ಆರಾಮ ಸಿಗೋದು ಎಳೆದು ಮುಗಿದ ಮೇಲೆ. ಎಳೆಯುವ ಆ ಒಂದು ಕ್ಷಣ ಪೂರ್ತಿ ನಿಮ್ಮದೇ. ನಾನು ಹಿತ್ತಲಲ್ಲಿ, ಟೀ ಷರ್ಟಿನಲ್ಲಿ, ಬಿಸಿಲಲ್ಲಿ 70 ಎಳೀತಿದ್ದೆ. ಅದೇ ದೊಡ್ಡಸ್ತಿಕೆ. ಬಿಲ್ಲನ್ನು ಆಕಾಶಕ್ಕೆ ಎತ್ತಿ, ಸೊಂಟ ತಿರುವಿ, ಜಗ್ಗಿ ಕೆಳಗಿಳಿಸ್ತಿದ್ದೆ. ಅದು ಎಳೆಯೋ ರೀತಿಯಲ್ಲ ಅಂತ ಯಾರೂ ಹೇಳಲಿಲ್ಲ ಅನ್ನೋಕಾಗಲ್ಲ. ಹೇಳಿದ್ದರು. ಕೇಳಲಿಲ್ಲ.

ನವೆಂಬರ್ ಮೊದಲ ವಾರದ ಒಂದು ಗುರುವಾರ ಸಂಜೆ, ಮರದ ಮೇಲಿನ ಅಟ್ಟಣೆಯಲ್ಲಿ ಮೂರು ಗಂಟೆ ಕೂತು ಮೈ ಮರಗಟ್ಟಿತ್ತು. ಮೂರು ಪದರ ಬಟ್ಟೆ. ಗಂಡು ಜಿಂಕೆಯೊಂದು 35 ಗಜದಲ್ಲಿ ಬಂದು ನಿಂತಿತು. ಎಳೆಯೋಕೆ ಹೋದರೆ ಬರಲಿಲ್ಲ. ಇನ್ನೊಮ್ಮೆ, ಅದೇ ಹಳೇ ಚಾಳಿಯಂತೆ ಬಿಲ್ಲನ್ನು ಮೇಲೆತ್ತಿ ಜಗ್ಗಿದೆ. ಅದು ತಲೆ ಎತ್ತಿತು, ಒಂದು ಹೆಜ್ಜೆ ಇಟ್ಟಿತು. ನಾನು ಕಾಯಲಿಲ್ಲ, ತೋಳು ಆಗಲೇ ನಡುಗುತ್ತಿತ್ತು. ಬಾಣ ಎದೆಗೂಡಿನ ಹಿಂದೆ, ಹೊಟ್ಟೆಗೆ ಬಿತ್ತು. ಹೊಟ್ಟೆಗೆ ಬಿದ್ದರೆ ಎಂಟು ಹತ್ತು ಗಂಟೆ ಅದರ ಪಾಡಿಗೆ ಬಿಡಬೇಕು, ಹತ್ತಿರದಲ್ಲೇ ಮಲಗಿ ಸಾಯುತ್ತೆ. ನಾನು ಅರ್ಧ ಗಂಟೆಗೇ ಟಾರ್ಚು ಹಿಡಿದು ಹೊರಟೆ, ಮಲಗಿದ್ದನ್ನ ಎಬ್ಬಿಸಿ ಓಡಿಸಿದೆ. ರಕ್ತದ ಜಾಡು ತೊರೆಯ ಹತ್ತಿರ ನಿಂತುಹೋಯಿತು. ಶುಕ್ರವಾರ ರಜ ಹಾಕಿ ಹುಡುಕಿದೆ. ಶನಿವಾರ ಹುಡುಕಿದೆ. ಸೋಮವಾರ ಕಾಗೆಗಳು ತೋರಿಸಿದವು.

ಬಿಲ್ಲು ಮಾರಿದೆ. ಆಮೇಲೆ ಮಕ್ಕಳು, ಮನೆ ಸಾಲ, ಬಲಭುಜದ ನೋವು ಅಂತ ಹನ್ನೆರಡು ವರ್ಷ ಕಳೀತು. ನೋವು, ಸಾಲ ಎಲ್ಲ ನಿಜವೇ. ಆದರೆ ಬಿಟ್ಟಿದ್ದು ಯಾಕೆ ಅಂತ ನನ್ನ ಹೆಂಡತಿಗೆ ಗೊತ್ತು.

ಈಗ ಹೇಳಿ, ಆವತ್ತು ಆ ಜಿಂಕೆಗೆ ಮರ್ಯಾದೆ ತಪ್ಪಿಸಿದ್ದು ಬಿಲ್ಲಿನ ಬೆಲೆಯಾ?

ಹೋದ ಬೇಸಿಗೆಯಲ್ಲಿ ಮತ್ತೆ ಶುರು ಮಾಡೋಣ ಅನ್ನಿಸಿ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನೇ. ನನ್ನ ವಯಸ್ಸು ಕೇಳಲಿಲ್ಲ, ಭುಜ ಕೇಳಲಿಲ್ಲ, ಎಷ್ಟು ದೂರದಿಂದ ಹೊಡೀತೀರಿ ಅಂತ ಕೇಳಲಿಲ್ಲ. ಗೋಡೆಯ ಮೇಲಿನ ಸಾಲಿನಿಂದ ಒಂದನ್ನು ಇಳಿಸಿ ಕೊಟ್ಟು “340” ಅಂದ. ಸೆಕೆಂಡಿಗೆ 340 ಅಡಿ ವೇಗ ಅಂತ. ಕಾರಿನ ಮೈಲೇಜ್ ಹೇಳಿದ ಹಾಗೆ.

ಈ ಸಂಖ್ಯೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ದುಡ್ಡೆಲ್ಲ ಹೋಗೋದು ಇಲ್ಲೇ. ಕ್ಯಾಟಲಾಗಿನಲ್ಲಿ ಐಬಿಒ ಅಂತ ಬರೆದು ಕೊಡುವ ವೇಗವನ್ನು ಅಳೆಯುವುದಕ್ಕೆ ಒಂದು ಕ್ರಮ ಇದೆ: 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂಗ್ತ್, 350 ಗ್ರೇನ್ ತೂಕದ ಹಗುರ ಬಾಣ. ಡ್ರಾ ಲೆಂಗ್ತ್ ಅಂದರೆ ಹೆದೆಯನ್ನು ನೀವು ಎಷ್ಟು ದೂರ ಎಳೆಯಬಲ್ಲಿರಿ ಅನ್ನೋದು. ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿ, ಹತ್ತಿರ ಹತ್ತಿರ ಬರುತ್ತೆ. ನನ್ನದು 68 ಇಂಚು, ಭಾಗಿಸಿದರೆ 27. ಮೂವತ್ತು ಇಂಚು ಬರಬೇಕಾದರೆ ಕೈಚಾಚು 75 ಇಂಚು ಇರಬೇಕು, ಅಂದರೆ ಆಸಾಮಿ ಆರಡಿ ಮೂರಿಂಚು. ನಮ್ಮ ಕನ್ನಡ ಕೂಟದಲ್ಲಿ ಅಂಥವರು ಎಷ್ಟು ಜನ ಇದ್ದಾರೆ? ಒಬ್ಬ ಇದ್ದಾನೆ, ಅವನು ವಾಲಿಬಾಲ್ ಆಡ್ತಾನೆ.

ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ ವೇಗ ಹೋಗುತ್ತೆ. ಎಳೆತ 70ರಿಂದ 55ಕ್ಕೆ ಇಳಿದರೆ ಇನ್ನಷ್ಟು. ಬೇಟೆಯ ಬಾಣ 400 ಗ್ರೇನಾದರೂ ಇರಬೇಕು, ಅಲ್ಲಿ ಇನ್ನಷ್ಟು. ಕೂಡಿಸಿ ಕಳೆದರೆ ಆ 340ರ ಬಿಲ್ಲು ನನ್ನ ಕೈಯಲ್ಲಿ 260ರ ಆಸುಪಾಸು. 310 ಅಂತ ಬರೆದ ಅಗ್ಗದ ಬಿಲ್ಲು ನನ್ನ ಕೈಯಲ್ಲಿ 235ರ ಆಸುಪಾಸು. ಅಂದರೆ ನಾನು ಕೊಳ್ಳೋದು ನಂದಲ್ಲದ ತೋಳಿನ ವೇಗವನ್ನ.

ಇರ್ಲಿ, 25 ಅಡಿ ಹೆಚ್ಚು ಹೆಚ್ಚೇ ಅಲ್ವಾ ಅಂತೀರಿ. ಅದೂ ನೋಡೋಣ. ಬಾಣಕ್ಕಿರುವ ಬಲದ ಲೆಕ್ಕ ಅಡಿ-ಪೌಂಡಿನಲ್ಲಿ: 400 ಗ್ರೇನ್ ಬಾಣ 235ರಲ್ಲಿ ಹೋದರೆ 49. ಜಿಂಕೆಗೆ 25ರಿಂದ 41 ಸಾಕು ಅಂತ ಬಾಣ ಮಾಡುವ ಈಸ್ಟನ್ ಕಂಪನಿಯ ಪಟ್ಟಿಯೇ ಹೇಳುತ್ತೆ. ಹಳೇ ಕಾಲದ ರಿಕರ್ವ್ ಬಿಲ್ಲುಗಳು 180 ಅಡಿ ದಾಟಿದರೆ ಹೆಚ್ಚು. ಅಂಥ ಬಿಲ್ಲು ಹಿಡಿದೇ ಫ್ರೆಡ್ ಬೇರ್ ಎಂಬ ಮಹಾಶಯ ಅಲಾಸ್ಕಾದ ಕರಡಿ ಹೊಡೆದ, 1960ರ ದಶಕದಲ್ಲಿ ಇಂಡಿಯಾಕ್ಕೂ ಬಂದು ಹುಲಿ ಹೊಡೆದ. ಹುಲಿ ಹೊಡೆದಿದ್ದನ್ನ ನಾನು ಹೊಗಳ್ತಿಲ್ಲ, ಓದಿದಾಗ ಹೊಟ್ಟೆ ಉರೀತು. ಬಾಣ ಒಳಗೆ ಹೋಯಿತಾ ಅನ್ನೋ ಪ್ರಶ್ನೆಗೆ ಉತ್ತರ ಅಷ್ಟೆ.

ವೇಗದವರ ಕೊನೆಯ ವಾದ ಇದು: ಹೆದೆ ಬಿಟ್ಟ ಸದ್ದಿಗೆ ಜಿಂಕೆ ಬೆಚ್ಚಿ ಕುಸಿಯುತ್ತೆ, ಬಾಣ ಬೇಗ ತಲುಪಿದರೆ ಅದಕ್ಕೆ ಸಮಯ ಸಿಗೋದಿಲ್ಲ. ಕೇಳೋಕೆ ಸರಿಯಾಗಿದೆ. ಕಾಗದ ಪೆನ್ಸಿಲ್ ತಗೊಳ್ಳಿ. ಸದ್ದು ಸೆಕೆಂಡಿಗೆ 1,100 ಅಡಿ ಹೋಗುತ್ತೆ. ಯಾವ ಬಿಲ್ಲಿನ ಬಾಣವೂ ಅದರ ಹತ್ತಿರಕ್ಕೂ ಬರೋದಿಲ್ಲ. ಇಪ್ಪತ್ತು ಗಜ ಅಂದ್ರೆ 60 ಅಡಿ. ಸದ್ದು ಕಿವಿಗೆ ಬಿದ್ದ ಮೇಲೆ ಬಾಣ ಬರುವಷ್ಟರಲ್ಲಿ ಜಿಂಕೆಗೆ ಸಿಗುವ ಸಮಯ, 270 ಅಡಿ ವೇಗದ ಬಿಲ್ಲಾದರೆ ಸೆಕೆಂಡಿನ ನೂರರಲ್ಲಿ 17 ಪಾಲು. 300ರದ್ದಾದರೆ ನೂರರಲ್ಲಿ ಸುಮಾರು 15 ಪಾಲು. ಸಾವಿರ ಡಾಲರ್ ಹೆಚ್ಚು ಕೊಟ್ಟು ಕೊಂಡಿದ್ದು ನೂರರಲ್ಲಿ ಎರಡು ಪಾಲು ಸೆಕೆಂಡು. ಈಗ ಅದೇ ವೇಗದ ಬಿಲ್ಲನ್ನು 40 ಗಜಕ್ಕೆ ಒಯ್ಯಿರಿ: ನೂರರಲ್ಲಿ 29 ಪಾಲು. ಅಂದರೆ 40 ಗಜದಲ್ಲಿರುವ ವೇಗದ ಬಿಲ್ಲಿಗಿಂತ 20 ಗಜದಲ್ಲಿರುವ ನಿಧಾನದ ಬಿಲ್ಲು ಎಷ್ಟೋ ಮೇಲು. ಹತ್ತಿರ ಬರೋವರೆಗೆ ಕಾಯೋದು ಪುಕ್ಕಟೆ. ಪುಕ್ಕಟೆ ಸಿಗೋದನ್ನ ಯಾವ ಅಂಗಡಿಯೂ ಹೇಳಿಕೊಡೋದಿಲ್ಲ.

ನನಗೆ ನಿಜವಾಗಿ ಭಯ ಆಗೋದು ಇಲ್ಲೇ. ದುಬಾರಿ ಬಿಲ್ಲು ಕೆಟ್ಟದ್ದಲ್ಲ. ಎಳೆದರೆ ಬೆಣ್ಣೆ, ಬಿಟ್ಟರೆ ಸದ್ದು ಕಡಿಮೆ, ಕೈಗೆ ನಡುಕ ಬರೋಲ್ಲ, ಬಾಣ ನೆಟ್ಟಗೆ ಹೋಗುವಂತೆ ಹೊಂದಿಸೋದು ಸುಲಭ. ಅದನ್ನೆಲ್ಲ ಒಪ್ತೀನಿ, ದುಡ್ಡಿದ್ದವರು ಖುಷಿಗೆ ಕೊಳ್ಳಲಿ, ಒಳ್ಳೇ ವೀಣೆ ಕೊಂಡ ಹಾಗೆ. ಆದರೆ 1,300 ಕೊಟ್ಟವನು 20 ಗಜ ಕಾಯೋಲ್ಲ. ಕಾಯೋದಾದರೆ ಅಷ್ಟು ಕೊಟ್ಟಿದ್ದು ಯಾಕೆ? ಹಿತ್ತಲಲ್ಲಿ 60 ಗಜದ ಗುರಿ ಇಡ್ತಾನೆ, ಫೋಮಿನ ಜಿಂಕೆ ಅಲ್ಲಾಡದೆ ನಿಂತಿರುತ್ತೆ, ಬಾಣ ಎದೆಗೆ ಕೂರುತ್ತೆ, ವಿಡಿಯೋ ಹಾಕ್ತಾನೆ. ಮುಂದಿನ ನವೆಂಬರಿನಲ್ಲಿ 50 ಗಜದಲ್ಲಿ ಜೀವ ಇರೋ ಜಿಂಕೆ ನಿಂತಾಗ ಅವನ ಕೈ ತಡೆಯೋರು ಯಾರು? ಶ್ವಾಸಕೋಶ ಹೃದಯ ಸೇರಿ ಅಲ್ಲಿರುವ ಜಾಗ ಎಂಟು ಹತ್ತು ಇಂಚು, ಒಂದು ಊಟದ ತಟ್ಟೆಯಷ್ಟು. ಬೆಲೆ ಕೊಟ್ಟ ಬಿಲ್ಲು ಕೊಡೋ ಧೈರ್ಯ ಇದೆಯಲ್ಲ, ಅದೇ ಜಿಂಕೆಗೆ ಆಗುವ ಅಮರ್ಯಾದೆ. ಹುಡುಗನ ಮಾತನ್ನ ತಿರುಗಿಸಿ ಹಾಕಿದರೆ ನಿಜ ಅಲ್ಲಿರೋದು.

ಇನ್ನೊಂದು ತಮಾಷೆ ಹೇಳಿಬಿಡ್ತೀನಿ. ಅದೇ ಊಟದಲ್ಲಿ ಇನ್ನೊಬ್ಬರು, ದೊಡ್ಡವರು, “ದುಬಾರಿ ಬಿಲ್ಲು ಕೊಂಡ್ರೆ ಕಾಡಿಗೇ ಒಳ್ಳೇದಲ್ವೇನಯ್ಯಾ, ತೆರಿಗೆ ಹೆಚ್ಚು ಹೋಗುತ್ತೆ” ಅಂದರು. ತೆರಿಗೆ ಇರೋದು ನಿಜ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕಿನ ಮೇಲೆ ಹಾಕಿದ ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ, 1972ರಲ್ಲಿ ಅದಕ್ಕೆ ಬಿಲ್ಲುಬಾಣವನ್ನೂ ಸೇರಿಸಿದರು, ಬಿಲ್ಲಿಗೆ ಶೇಕಡಾ 11. ಒಳ್ಳೇ ಕಾನೂನು. ಆದರೆ ಕಾಡಿಗೆ ಕೊಡಬೇಕು ಅನ್ನಿಸಿದರೆ ಚೆಕ್ ಬರೆದು ಕೊಡಿ ಸಾರ್, ನಡುವೆ ಬಿಲ್ಲು ಯಾಕೆ?

ಹಾಗಾದರೆ ಏನು ಕೊಳ್ಳಬೇಕು?

ಬಿಟ್ಟು ಮತ್ತೆ ಶುರು ಮಾಡುವವನಿಗೆ ಬೇಕಾಗಿರೋದು ಒಂದೇ: ಇಳಿಸಿ ಏರಿಸಲು ಬರುವ ಬಿಲ್ಲು. ಹೊಸಬರಿಗೆ, ಮಕ್ಕಳಿಗೆ ಅಂತ ಅಂಗಡಿಯವರು ಮೂಲೆಯಲ್ಲಿ ತೂಗುಹಾಕುತ್ತಾರಲ್ಲ, ಅವು. ಡೈಮಂಡಿನ ಇನ್ಫಿನಿಟ್ ಎಡ್ಜ್ ಪ್ರೋ ಇದೆ, 5 ಪೌಂಡಿನಿಂದ 70ರವರೆಗೆ, 13 ಇಂಚಿನಿಂದ 31ರವರೆಗೆ ಹೊಂದಿಸಬಹುದು. ಬೇರ್ ಕಂಪನಿಯ ಕ್ರೂಸರ್ ಸಾಲಿನವೂ ಹಾಗೇ. ಸೈಟು, ರೆಸ್ಟು, ಬತ್ತಳಿಕೆ ಜೊತೆಗೇ ಬರುತ್ತೆ, ನಾನೂರು ಐನೂರು ಡಾಲರಿಗೆ ಕಾಡಿಗೆ ಹೊರಡಬಹುದು. ನಾನು ತಂದಿದ್ದು ಕ್ರೂಸರ್. ಕೌಂಟರಿನ ಹುಡುಗ “ಮಗನಿಗಾ?” ಅಂತ ಕೇಳಿದ. ಹೂಂ ಅಂದೆ. ಯಾಕೆ ಸುಳ್ಳು ಹೇಳಿದೆನೋ, ಈಗಲೂ ಬೇಜಾರಿದೆ.

ದುಬಾರಿ ಬಿಲ್ಲುಗಳಲ್ಲಿ ಬಹಳಷ್ಟು ಮೇಲಿನ ಹತ್ತು ಪೌಂಡಿನೊಳಗೆ ಮಾತ್ರ ಆಡುತ್ತವೆ: 60ರಿಂದ 70. ಹನ್ನೆರಡು ವರ್ಷ ಕಂಪ್ಯೂಟರ್ ಮುಂದೆ ಕೂತ ಭುಜಕ್ಕೆ ಮೊದಲ ದಿನವೇ 60 ಕೊಟ್ಟರೆ ಏನಾಗುತ್ತೆ ಅಂತ ಫಿಸಿಯೋಥೆರಪಿಯವರನ್ನ ಕೇಳಿ. ನಾನು ಮೇ ತಿಂಗಳಲ್ಲಿ 38ಕ್ಕೆ ಇಟ್ಟುಕೊಂಡೆ. ದಿನಾ ಮೂವತ್ತು ಬಾಣ, ಅಷ್ಟೇ. ಎರಡು ಮೂರು ವಾರಕ್ಕೊಮ್ಮೆ ಬೋಲ್ಟು ಸ್ವಲ್ಪ ತಿರುಗಿಸಿ ಒಂದೆರಡು ಪೌಂಡ್ ಏರಿಸಿದೆ. ಕೈಪಿಡಿಯಲ್ಲಿ ಎಷ್ಟು ಸುತ್ತು ಅಂತ ಬರೆದಿದ್ದಾರೋ ಅದಕ್ಕಿಂತ ಹೆಚ್ಚು ಸಡಿಲಿಸಬೇಡಿ, ಬಿಲ್ಲು ಕೈಯಲ್ಲೇ ಬಿಚ್ಚಿಕೊಂಡೀತು. ಸೆಪ್ಟೆಂಬರ್ ಹೊತ್ತಿಗೆ 52. ಅಲ್ಲಿಗೇ ನಿಲ್ಲಿಸಿದೆ. ಈ ರಾಜ್ಯದ ಕಾನೂನು ಕೇಳೋದು 35.

ನಿಮ್ಮ ಭಾರ ಎಷ್ಟು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಒಂದು ಕುರ್ಚಿಯಲ್ಲಿ ಕೂತು ಎರಡೂ ಕಾಲು ನೆಲದಿಂದ ಎತ್ತಿ. ಬಾಣ ಹೂಡಿ ಬಿಲ್ಲನ್ನು ಗುರಿಯ ಕಡೆ ನೆಟ್ಟಗೆ ಚಾಚಿ, ಮೇಲಕ್ಕೆ ಎತ್ತದೆ, ಸೊಂಟ ತಿರುವದೆ, ನಿಧಾನವಾಗಿ ಎಳೀರಿ. ಬಂದರೆ ಅದು ನಿಮ್ಮ ಭಾರ. ಬರದಿದ್ದರೆ ಐದು ಪೌಂಡ್ ಇಳಿಸಿ. ಎಳೆದ ಮೇಲೆ ಅರ್ಧ ನಿಮಿಷ ಹಿಡಿದು ನಿಲ್ಲಿ, ಜಿಂಕೆ ಮರದ ಹಿಂದೆ ನಿಂತುಬಿಟ್ಟಿದೆ ಅಂತ ಅಂದುಕೊಂಡು. 2011ರಲ್ಲಿ ಈ ಕುರ್ಚಿ ನನ್ನ ಮನೆಯಲ್ಲೂ ಇತ್ತು. ಇಷ್ಟು ಮಾಡಿದ್ದರೆ ಸಾಕಿತ್ತು. ಇನ್ನೊಂದು, ಬಾಣವಿಲ್ಲದೆ ಹೆದೆ ಮಾತ್ರ ಎಳೆದು ಬಿಡಬೇಡಿ, ಅಂಗಡಿಯಲ್ಲೂ. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ತಿರುಗಿ ಹೊಡೆಯುತ್ತೆ, ಒಮ್ಮೊಮ್ಮೆ ಬಿಲ್ಲೇ ಸೀಳಿಹೋಗುತ್ತೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ ಅಂತ ಕೇಳ್ತಾರೆ. ಖಂಡಿತ. ಐದಾರು ವರ್ಷ ಹಳೆಯ ಮೇಲ್ದರ್ಜೆಯ ಬಿಲ್ಲು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತೆ, ಯಾಕಂದ್ರೆ ಪ್ರತಿ ವರ್ಷ ಹೊಸದು ಬೇಕು ಅನ್ನೋ ಜನ ಇದ್ದಾರಲ್ಲ, ಹಾಸನದ ಹುಡುಗನಂಥವರು, ದೇವರು ಅವರನ್ನ ಚೆನ್ನಾಗಿಟ್ಟಿರಲಿ. ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಒಂದು ಹತ್ತಿಯುಂಡೆ ಒಯ್ಯಿರಿ. ಬಿಲ್ಲಿನ ಎರಡು ರೆಕ್ಕೆಗಳ ಮೇಲೆ, ಅಂಚಿನಲ್ಲಿ, ಗಾಲಿ ಕೂರುವ ಕಡೆ ಸವರಿ. ಕಣ್ಣಿಗೆ ಕಾಣದ ಸೀಳಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೆ. ಸಿಕ್ಕಿತೋ, ನಮಸ್ಕಾರ ಹೇಳಿ ಎದ್ದು ಬನ್ನಿ. ಗಾಲಿಯ ಕಾಲುವೆಯಲ್ಲಿ ಬೆರಳಾಡಿಸಿ, ಚಕ್ಕೆ ಎದ್ದಿದ್ದರೆ ಹೆದೆ ಕೊಯ್ಯುತ್ತೆ. ಹೆದೆ ನವಿರೆದ್ದಿದ್ದರೆ ಬದಲಿಸಬೇಕು. ಹೆದೆ, ಕೇಬಲ್, ಕೂಲಿ ಸೇರಿ ನೂರರಿಂದ ನೂರೈವತ್ತು ಡಾಲರು, ಅದನ್ನ ಬೆಲೆಯಲ್ಲಿ ಹಿಡಿದು ಚೌಕಾಸಿ ಮಾಡಿ. ಮುಖ್ಯವಾದದ್ದು ಡ್ರಾ ಲೆಂಗ್ತ್. ಕೆಲವು ಬಿಲ್ಲುಗಳಲ್ಲಿ ಗಾಲಿಯನ್ನೇ ಬದಲಿಸದೆ ಅದು ಬದಲಾಗೋಲ್ಲ, ಹಳೇ ಮಾದರಿಗೆ ಗಾಲಿ ಸಿಗೋಲ್ಲ. ಆರಡಿ ಆಸಾಮಿಯ ಬಿಲ್ಲು ಚೆಂದ ಇದೆ ಅಂತ ತಂದು ಎರಡಿಂಚು ಉದ್ದ ಎಳೆದರೆ ಹೆದೆ ಮುಂಗೈಗೆ ಹೊಡೆಯುತ್ತೆ, ಮುಖ ಒಂದು ಕಡೆ ಕೈ ಒಂದು ಕಡೆ. ಪಕ್ಕದ ಮನೆ ಚಪ್ಪಲಿ ಹಾಕಿಕೊಂಡು ಜಾತ್ರೆಗೆ ಹೋದಂತೆ.

ಎಲ್ಲ ಅಗ್ಗದ್ದೂ ಒಳ್ಳೆಯದು ಅಂತ ನಾನು ಹೇಳ್ತಿಲ್ಲ, ಯಾರಾದರೂ ಹಾಗೆ ಓದಿಕೊಂಡು ನನಗೆ ಬೈದಾರು. ತಯಾರಿಸಿದವರ ವಿಳಾಸವೇ ಇಲ್ಲದ, ನೂರು ಡಾಲರಿಗೆ ಮನೆ ಬಾಗಿಲಿಗೆ ಬರುವ ಬಿಲ್ಲು ಬೇಡ. ಅದರ ಒಂದು ಬೋಲ್ಟು ಸಡಿಲವಾದರೆ ಬೋಲ್ಟು ಎಲ್ಲಿ ತರ್ತೀರಿ? ಬಿಲ್ಲಿನ ಜೊತೆ ಬರುವ ಸೈಟು ಸಾಧಾರಣದ್ದೇ, ಆದರೆ ಮೂರು ಪಿನ್ನು ಸಾಕು, ನೀವು 30 ಗಜದಾಚೆ ಹೊಡೆಯೋಲ್ಲ ತಾನೇ. ಬಾಣದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಬಾಣಕ್ಕೆ ಸ್ಪೈನ್ ಅಂತ ಒಂದು ಸಂಖ್ಯೆ ಇರುತ್ತೆ, ಎಷ್ಟು ಬಾಗುತ್ತೆ ಅನ್ನೋದು. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಬಿಗಿ. ನಿಮ್ಮ ಎಳೆತಕ್ಕೆ, ಬಾಣದ ಉದ್ದಕ್ಕೆ ಹೊಂದೋದನ್ನ ಪಟ್ಟಿ ನೋಡಿ ತಗೊಳ್ಳಿ. ಹೊಂದದ ಬಾಣವನ್ನು ಎರಡು ಸಾವಿರದ ಬಿಲ್ಲೂ ನೆಟ್ಟಗೆ ಕಳಿಸೋಲ್ಲ. ಬ್ರಾಡ್‌ಹೆಡ್ ಅನ್ನೋ ಬೇಟೆಯ ಅಲಗು ಮೂರಕ್ಕೆ ನಲವತ್ತೈವತ್ತು ಡಾಲರು ಆಗುತ್ತೆ, ಕೊಡಿ. ಜಿಂಕೆಯನ್ನು ಕೊಲ್ಲೋದು ಆ ಅಲಗಿನ ಹರಿತ. ಬಂದೂಕಿನ ಗುಂಡಿನ ಹಾಗೆ ಏಟಿನ ಪೆಟ್ಟು ಅಲ್ಲ. ಬೋಳಿಸಿದರೆ ಕೈಮೇಲಿನ ಕೂದಲು ಬರಬೇಕು. ಅಭ್ಯಾಸದ ಮೊನೆ ಬಿದ್ದ ಕಡೆಯೇ ಅಲಗೂ ಬೀಳುತ್ತೆ ಅಂತ ನಂಬಬೇಡಿ, ಋತು ಶುರುವಾಗೋ ಮೊದಲು ಅಲಗು ಹಾಕಿಯೇ ಹೊಡೆದು ನೋಡಿ.

ಅಟ್ಟಣೆ ಹತ್ತುವವರು ಸೊಂಟ, ಭುಜ, ತೊಡೆ ಹಿಡಿಯುವ ಬೆಲ್ಟು ಕೊಳ್ಳಿ. ನನ್ನ ಭಾವ ಅಲ್ಲಿಂದ ಫೋನಿನಲ್ಲಿ, “ಲೋ, ಹುಲಿ ಇಲ್ಲದ ಕಾಡಲ್ಲಿ ನಿಂಗೇನು ಭಯ” ಅಂತ ನಕ್ಕರು. ಇಲ್ಲಿ ಬೇಟೆಗಾರರ ಸೊಂಟ ಮುರಿಯೋದು ಹುಲಿಯಿಂದ ಅಲ್ಲ ಭಾವ, ಮರದಿಂದ ಬಿದ್ದು.

ಕಾಂಪೌಂಡ್ ಬಿಲ್ಲು ಹುಟ್ಟಿದ್ದು ಹೇಗೆ ಅಂತ ಆ ಹುಡುಗನಿಗೆ ಹೇಳಬೇಕು ಅಂದುಕೊಂಡಿದ್ದೆ, ಮರೆತೆ. ಮಿಸ್ಸೂರಿಯ ಹಾಲಿಸ್ ವಿಲ್ಬರ್ ಆಲೆನ್ ಅನ್ನೋ ಮನುಷ್ಯ ಒಂದು ರಿಕರ್ವ್ ಬಿಲ್ಲಿನ ತುದಿ ಕೊಯ್ದು ಗಾಲಿ ಸಿಕ್ಕಿಸಿದ. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಆಗಿನ ಬಿಲ್ಲುಗಾರರಲ್ಲಿ ಎಷ್ಟೋ ಜನ ಇದು ಬಿಲ್ಲೇ ಅಲ್ಲ, ಯಂತ್ರ ಅಂತ ಮೂಗು ಮುರಿದರು. ಮನೆಯಲ್ಲಿ ಕೂತು ಕೊಯ್ದು ಕಟ್ಟಿದ ಸಾಮಾನು. ಇವತ್ತು ಅದರ ವಂಶದವನ್ನೇ ಹಿಡಿದುಕೊಂಡು ನಾನು ನಾನೂರಿನವನು, ನೀನು ಸಾವಿರದವನು ಅಂತ ಪಂಕ್ತಿಭೇದ ಮಾಡ್ತಿದ್ದೀವಿ.

ಹೋದ ಅಕ್ಟೋಬರಿನಲ್ಲಿ ಏಳು ದಿನ ಕೂತೆ. ಆರನೇ ದಿನ ಒಂದು ಗಂಡು 32 ಗಜದಲ್ಲಿ ಹತ್ತು ನಿಮಿಷ ಮೇಯ್ದಿತು, ಪಕ್ಕೆ ತಿರುಗಿಸಿಕೊಂಡು, ಚಿತ್ರಕ್ಕೆ ನಿಂತ ಹಾಗೆ. ನನ್ನ ಗೆರೆ 25. ಬಿಲ್ಲು ಮೊಣಕಾಲ ಮೇಲೇ ಇತ್ತು. ಅದು ಹೋಯಿತು. ಏಳನೇ ದಿನ ಬೆಳಿಗ್ಗೆ ಒಂದು ಹೆಣ್ಣು 17 ಗಜಕ್ಕೆ ಬಂತು. ಬಿಲ್ಲು ಮೇಲೆತ್ತಲಿಲ್ಲ, ಎದೆಯ ನೇರಕ್ಕೇ ಎಳೆದೆ, 52 ಪೌಂಡು, ಸದ್ದಿಲ್ಲದೆ ಬಂತು. ಅದು ಓಡಿದ್ದು ಅರವತ್ತು ಹೆಜ್ಜೆ. ಬಾಣ ಆಚೆ ಪಕ್ಕದಿಂದ ಹೊರಬಿದ್ದು ಮಣ್ಣಿನಲ್ಲಿ ಸಿಕ್ಕಿಕೊಂಡಿತ್ತು.

ಹುಡುಗನಿಗೆ ಒಂದು ಡಬ್ಬಿ ಮಾಂಸ ಕಳಿಸಿದೆ. ಮೊನ್ನೆ ಫೋನ್ ಮಾಡಿ ಚೆನ್ನಾಗಿತ್ತು ಅಂದ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ಆ ಕುರ್ಚಿದು ಮಾಡಿ ನೋಡ್ದೆ, ಎಳೆಯೋಕಾಗ್ತಿಲ್ಲ” ಅಂದ. ಅವನ ಬಿಲ್ಲು 60ಕ್ಕಿಂತ ಕೆಳಗೆ ಇಳಿಯೋಲ್ಲ. ಶನಿವಾರ ನಮ್ಮನೆಗೆ ಬಾ ಅಂದಿದ್ದೀನಿ. ಕ್ರೂಸರಿನ ಬೋಲ್ಟು ಈಗಲೇ ಸಡಿಲಿಸಿ 40ಕ್ಕೆ ಇಟ್ಟಿದ್ದೀನಿ.